ಕರಡಿಯನ್ನು ಕಾಣುವ ಆಸೆ: ಯೆಲ್ಲೊಸ್ಟೋನ್ ಉದ್ಯಾನವನ್ನು ಕುರಿತ ಕೆಲವು ಗ್ರಂಥಗಳ ವಿಮರ್ಶೆ

ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನವನ್ನು ಸ್ಥಾಪಿಸಿದ 1872ನೆಯ ಇಸವಿಯ ಶಾಸನದಲ್ಲಿ ಕರಡಿಯ ಹೆಸರೇ ಇಲ್ಲ. ಮರಮುಟ್ಟು, ಖನಿಜಗಳು, ಪ್ರಕೃತಿಯ ಅದ್ಭುತಗಳು ಕೆಡದಂತೆ ಕಾಪಾಡಬೇಕೆಂದು ಆ ಶಾಸನವು ವಿಧಿಸುತ್ತದೆ, ಮೀನುಗಳನ್ನೂ ಬೇಟೆಯ ಮೃಗಗಳನ್ನೂ ವೃಥಾ ನಾಶಪಡಿಸಬಾರದೆಂದು ಒಂದು ಮಾತನ್ನು ಸೇರಿಸುತ್ತದೆ, ಅಷ್ಟೆ. ಅಂದಿನ ಶಾಸನಕರ್ತರ ಕಣ್ಣೆದುರಿಗೆ ಇದ್ದುದು ನೆಲದಿಂದ ಚಿಮ್ಮುವ ಬಿಸಿನೀರಿನ ಬುಗ್ಗೆಗಳು, ಬಣ್ಣಬಣ್ಣದ ಕೊಳಗಳು, ಆಳವಾದ ಕಮರಿ, ಜಲಪಾತಗಳು. ಆದರೆ ಅಲ್ಲಿಂದ ಐವತ್ತು ವರ್ಷ ಕಳೆಯುವಷ್ಟರಲ್ಲಿ, ಬೇಸಿಗೆಯ ರಜೆಯಲ್ಲಿ ಹೆಂಡತಿಮಕ್ಕಳೊಡನೆ ಆ ಉದ್ಯಾನಕ್ಕೆ ಹೊರಟ ಅಮೆರಿಕನ್ ಗೃಹಸ್ಥನ ಮನಸ್ಸಿನಲ್ಲಿ ಬಿಸಿನೀರಿನ ಬುಗ್ಗೆಯ ಪಕ್ಕಕ್ಕೆ ಕರಡಿಯೂ ಬಂದು ಕುಳಿತಿತ್ತು. ಕಾಡುಕರಡಿಯನ್ನು ಕಣ್ಣಾರೆ ಕಾಣಬೇಕೆಂಬ ಈ ಆಸೆ ಎಲ್ಲಿಂದ ಹುಟ್ಟಿತು, ಅದನ್ನು ಯಾರು ಬೆಳೆಸಿದರು, ಅದರ ಬೆಲೆಯನ್ನು ಯಾರು ತೆತ್ತರು ಎಂಬವು ಇತಿಹಾಸದ ಪ್ರಶ್ನೆಗಳು. ಯೆಲ್ಲೊಸ್ಟೋನಿನ ಕರಡಿಗಳನ್ನು ಕುರಿತು ಇಂಗ್ಲಿಷಿನಲ್ಲಿ ಹೊರಬಂದಿರುವ ಗ್ರಂಥಗಳು ಈ ಪ್ರಶ್ನೆಗಳನ್ನು ಎಷ್ಟರಮಟ್ಟಿಗೆ ಎದುರಿಸಿವೆ ಎಂಬುದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ.

ಗ್ರಂಥಗಳಿಗೆ ಮುಂಚೆ ಪ್ರಾಣಿಯ ವಿಷಯವಾಗಿ ಎರಡು ಮಾತು ಅವಶ್ಯ. ಕನ್ನಡ ವಾಚಕರು ಕರಡಿಯೆಂದೊಡನೆ ನೆನೆಯುವುದು ಗೆದ್ದಲನ್ನು ಹೀರುವ, ಜೇನನ್ನು ಕೀಳುವ, ಉದ್ದಗೂದಲಿನ ನಮ್ಮ ಕಪ್ಪು ಪ್ರಾಣಿಯನ್ನು. ಯೆಲ್ಲೊಸ್ಟೋನಿನಲ್ಲಿರುವ ಎರಡು ಜಾತಿಗಳು ಬೇರೆ. ಒಂದು ಅಮೆರಿಕದ ಕಪ್ಪು ಕರಡಿ. ಇನ್ನೊಂದು ಅದಕ್ಕಿಂತ ಬಹಳ ದೊಡ್ಡದಾದ, ಬೆನ್ನಿನ ಮೇಲೆ ಗೂನುಳ್ಳ ಗ್ರಿಜ್ಲಿ. ರಸ್ತೆಯ ಬದಿಯಲ್ಲಿ ನಿಂತು ಮೋಟಾರುಗಳಿಂದ ತಿಂಡಿ ಬೇಡುತ್ತಿದ್ದುದು ಬಹುಮಟ್ಟಿಗೆ ಮೊದಲನೆಯದು. ಕಸದ ರಾಶಿಗಳ ಮೇಲೆ ಸಂಜೆಯ ಹೊತ್ತು ಒಡೆತನ ಸಾಧಿಸುತ್ತಿದ್ದುದು ಎರಡನೆಯದು. ಈ ಭೇದವನ್ನು ಮರೆತರೆ ಮುಂದಿನ ಕಥೆಯು ಅರ್ಥವಾಗುವುದಿಲ್ಲ.

ಮೊದಲು ಒಂದು ಛಾಯಾಚಿತ್ರವನ್ನು ನೋಡೋಣ. 1922ರಲ್ಲಿ ತೆಗೆದದ್ದು. ಯೆಲ್ಲೊಸ್ಟೋನಿನ ಮೇಲ್ವಿಚಾರಕರಾಗಿದ್ದ ಹೊರೇಸ್ ಆಲ್‌ಬ್ರೈಟ್ ಅವರು ಬಯಲಿನಲ್ಲಿ ಹಾಕಿದ ಊಟದ ಮೇಜಿನ ಮುಂದೆ ಕುಳಿತಿದ್ದಾರೆ. ಅದೇ ಮೇಜಿಗೆ ಕರಡಿಗಳೂ ಅತಿಥಿಗಳಾಗಿ ಬಂದಿವೆ. ಚಿತ್ರವು ನಗೆಗಾಗಿ ತೆಗೆದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿಯು ಇಲ್ಲಿ ಒಂದು ತೇದಿಯನ್ನು ನೆನಪಿಡಬೇಕು: ಸಂದರ್ಶಕರು ಕರಡಿಗಳಿಗೆ ತಿನಿಸು ಹಾಕಬಾರದೆಂಬ ನಿಯಮವು ಆ ಉದ್ಯಾನದಲ್ಲಿ 1902ರಿಂದಲೇ ಜಾರಿಯಲ್ಲಿತ್ತು. ನಿಯಮಪಾಲನೆಗೆ ನಿಯುಕ್ತನಾದ ಅಧಿಕಾರಿಯೇ ಇಪ್ಪತ್ತು ವರ್ಷಗಳ ತರುವಾಯ ಕರಡಿಯೊಡನೆ ಪಂಕ್ತಿಭೋಜನಕ್ಕೆ ಕುಳಿತು ಚಿತ್ರ ತೆಗೆಯಿಸಿಕೊಂಡದ್ದು ಆ ನಿಯಮದ ಬಲಾಬಲವನ್ನು ಯಾವ ವರದಿಗಿಂತಲೂ ಸ್ಪಷ್ಟವಾಗಿ ತಿಳಿಸುತ್ತದೆ. ಮರುವರ್ಷ, 1923ರಲ್ಲಿ, ಅಧ್ಯಕ್ಷ ಹಾರ್ಡಿಂಗ್ ಅವರು ಉದ್ಯಾನಕ್ಕೆ ಬಂದಾಗ ಅವರ ಕೈಯಿಂದಲೂ ಕರಡಿಗೆ ತಿನ್ನಿಸಲಾಯಿತು. ದೇಶದ ಪ್ರಥಮ ಪ್ರಜೆಯು ಮಾಡಿದ ಕೆಲಸವನ್ನು ಒಬ್ಬ ಗುಮಾಸ್ತನೋ ಉಪಾಧ್ಯಾಯನೋ ತನ್ನ ಮಕ್ಕಳೆದುರಿಗೆ ಮಾಡಹೊರಟರೆ ಅದನ್ನು ಅಜ್ಞಾನವೆಂದು ಕರೆಯುವುದು ನ್ಯಾಯವೆ?

ಆಲ್‌ಬ್ರೈಟ್ ಅವರು ಫ್ರಾಂಕ್ ಟೇಲರ್ ಎಂಬ ಪತ್ರಿಕಾಲೇಖಕರೊಡನೆ ಸೇರಿ 1928ರಲ್ಲಿ ಪ್ರಕಟಿಸಿದ ‘ಓ, ರೇಂಜರ್!’ ಎಂಬ ಗ್ರಂಥವು ಈ ಛಾಯಾಚಿತ್ರದ ಮನೋಧರ್ಮವನ್ನೇ ಅಕ್ಷರಕ್ಕಿಳಿಸಿದೆ. ಉದ್ಯಾನದ ಕಾವಲುಗಾರರನ್ನು ಪ್ರವಾಸಿಗಳು ಕೂಗಿ ಕರೆದು ಪ್ರಶ್ನೆ ಕೇಳುವ ಬಗೆಯಿಂದ ಗ್ರಂಥಕ್ಕೆ ಆ ಹೆಸರು ಬಂದಿದೆ. ಶೈಲಿಯು ಹಗುರವಾದದ್ದು, ಸ್ನೇಹಮಯವಾದದ್ದು. ಪ್ರವಾಸಿಯನ್ನು ನಗುತ್ತ ಬರಮಾಡಿಕೊಳ್ಳುವಂಥದು. ಇದನ್ನು ಇತಿಹಾಸವೆಂದು ಓದಿದರೆ ನಿರಾಶೆಯಾಗುವುದು. ಆಧಾರಸಾಮಗ್ರಿಯೆಂದು ಓದಿದರೆ ಇದಕ್ಕೆ ಸಮನಾದದ್ದು ವಿರಳ. 1916ರಲ್ಲಿ ಹುಟ್ಟಿದ ರಾಷ್ಟ್ರೀಯ ಉದ್ಯಾನ ಇಲಾಖೆಗೆ ಸಂಸತ್ತಿನ ಹಣ ಬೇಕಾಗಿತ್ತು. ಹಣಕ್ಕೆ ಜನಬೆಂಬಲ ಬೇಕಾಗಿತ್ತು. ಜನರನ್ನು ಬರಮಾಡಿಕೊಳ್ಳಲು ಕಣ್ಣಿಗೆ ಕಾಣುವ ಆಕರ್ಷಣೆ ಬೇಕಾಗಿತ್ತು. ಬಿಸಿನೀರಿನ ಬುಗ್ಗೆಯು ತನ್ನ ಹೊತ್ತಿಗೆ ತಾನು ಚಿಮ್ಮುತ್ತದೆ. ಅದನ್ನು ಕರೆದು ತರಲಾಗದು. ಕರಡಿಯನ್ನು ಕರೆದು ತರಬಹುದಾಗಿತ್ತು, ಹೋಟೆಲಿನ ಎಂಜಲಿನಿಂದ.

ಈ ಎಂಜಲಿನ ಚರಿತ್ರೆಯು ಇಲಾಖೆಗಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿಯೇ ಉದ್ಯಾನದ ಹೋಟೆಲುಗಳ ಹಿಂದಿನ ಕಸದ ಗುಂಡಿಗಳಿಗೆ ಕರಡಿಗಳು ಬರತೊಡಗಿದವು. ಅವುಗಳನ್ನು ನೋಡಲು ಅತಿಥಿಗಳು ಊಟ ಮುಗಿಸಿ ಬರತೊಡಗಿದರು. ಅರ್ನೆಸ್ಟ್ ಥಾಂಪ್ಸನ್ ಸೀಟನ್ ಎಂಬ ಪ್ರಾಣಿಕಥಾಕಾರರು 1897ರಲ್ಲಿ ಫೌಂಟನ್ ಹೋಟೆಲಿನ ಕಸದ ರಾಶಿಯ ನಡುವೆಯೇ ಅಡಗಿ ಕುಳಿತು ಕರಡಿಗಳನ್ನು ಗಮನಿಸಿದರು. ಅದರ ಫಲವಾಗಿ ‘ಜಾನಿ’ ಎಂಬ ರೋಗಿಷ್ಠ ಕರಡಿಮರಿಯ ಕಥೆಯು ಅವರ 1901ರ ಸಂಕಲನದಲ್ಲಿ ಬಂದಿತು. ಅಮೆರಿಕದ ಒಂದು ಪೀಳಿಗೆಯ ಮಕ್ಕಳಿಗೆ ಕಾಡಿನ ಕರಡಿಯ ಪರಿಚಯವಾದದ್ದು ಹೀಗೆ ಒಂದು ಹೋಟೆಲಿನ ಹಿತ್ತಲಿನಿಂದ. 1915ರಲ್ಲಿ ಮೋಟಾರುಗಳಿಗೆ ಪ್ರವೇಶ ದೊರೆತ ಮೇಲೆ ಕಪ್ಪು ಕರಡಿಗಳು ರಸ್ತೆಗೇ ಬಂದು ನಿಂತವು; ದಾರಿ ಅಡ್ಡಗಟ್ಟಿ ತಿಂಡಿ ವಸೂಲು ಮಾಡುವ ಒಂದು ಕರಡಿಗೆ ಪ್ರಸಿದ್ಧ ದರೋಡೆಕೋರ ಜೆಸ್ಸಿ ಜೇಮ್ಸ್‌ನ ಹೆಸರನ್ನೇ ಇಟ್ಟರು. ಓಲ್ಡ್ ಫೇತ್‌ಫುಲ್ ಬುಗ್ಗೆಯ ಸಮೀಪದಲ್ಲಿ ಕರಡಿಗಳಿಗೆ ಮಾತ್ರ ಮೀಸಲಾದ ಉಪಾಹಾರಗೃಹವೆಂಬ ಅರ್ಥದ ಫಲಕವನ್ನು ನೆಟ್ಟು, ಕುದುರೆಯ ಮೇಲೆ ಕುಳಿತ ರೇಂಜರನಿಂದ ಉಪನ್ಯಾಸವನ್ನು ಏರ್ಪಡಿಸಲಾಯಿತು. 1931ರಲ್ಲಿ ಕಮರಿಯ ಬಳಿಯ ಆಟರ್ ಕ್ರೀಕ್ ಎಂಬಲ್ಲಿ ಸಾವಿರದೈನೂರಕ್ಕೂ ಹೆಚ್ಚು ಜನ ಕುಳಿತು ನೋಡುವಂತೆ ಮೆಟ್ಟಿಲುಪೀಠಗಳನ್ನು ಕಟ್ಟಿದರು. ಪ್ರೇಕ್ಷಕರು ಬೇಲಿಯೊಳಗೆ, ಕರಡಿಗಳು ಹೊರಗೆ, ನಡುವೆ ಎಂಜಲಿನ ವೇದಿಕೆ.

ಇಲ್ಲಿ ನಾವು ವಿಚಾರ ಮಾಡಬೇಕಾದ ಒಂದು ಅಂಶವುಂಟು. ಮೇಲ್ಕಂಡ ಸಂಗತಿಗಳೆಲ್ಲವೂ ಗ್ರಂಥಗಳಲ್ಲಿ ದೊರೆಯುತ್ತವೆಯಾದರೂ ಈ ಅಂಶಕ್ಕೆ ಅವುಗಳಲ್ಲಿ ಸಲ್ಲಬೇಕಾದಷ್ಟು ಸ್ಥಳ ಸಂದಿಲ್ಲವೆಂದು ನನ್ನ ಅಭಿಪ್ರಾಯ. ಅದು ಕಾಲಮಾನದ ಅಂಶ. ಅಮೆರಿಕನ್ ಶಾಲೆಗಳ ರಜೆ ಜೂನ್ ತಿಂಗಳಿಂದ ಆಗಸ್ಟ್ ತಿಂಗಳ ತನಕ. ಯೆಲ್ಲೊಸ್ಟೋನಿನ ಒಳರಸ್ತೆಗಳು ವರ್ಷದ ಬಹುಭಾಗ ಹಿಮದಿಂದ ಮುಚ್ಚಿರುವುದರಿಂದ ಜನಸಂದಣಿಯು ನಡುಬೇಸಿಗೆಯಲ್ಲಿ ಕೂಡುತ್ತದೆ. ಆದರೆ ಕರಡಿಯ ಪಂಚಾಂಗವೇ ಬೇರೆ. ಚಳಿಗಾಲದ ನಿದ್ರೆಯಿಂದ ಎದ್ದ ಗ್ರಿಜ್ಲಿಯು ವಸಂತದಲ್ಲಿ ತಗ್ಗಿನ ಕಣಿವೆಗಳಲ್ಲಿ ಹಿಮಕ್ಕೆ ಸಿಕ್ಕಿ ಸತ್ತ ಮೃಗಗಳನ್ನೂ ಆಗತಾನೆ ಹುಟ್ಟಿದ ಎಲ್ಕ್ ಮರಿಗಳನ್ನೂ ಅರಸುತ್ತದೆ. ನಡುಬೇಸಿಗೆ ಬರುವ ಹೊತ್ತಿಗೆ ಅನೇಕ ಗ್ರಿಜ್ಲಿಗಳು ಪೂರ್ವದ ಎತ್ತರದ ಪರ್ವತಗಳನ್ನು ಹತ್ತಿ, ಬಯಲುಸೀಮೆಯಿಂದ ಹಾರಿಬಂದು ಕಲ್ಲುಗಳ ಸಂದಿನಲ್ಲಿ ಅಡಗಿದ ಒಂದು ಜಾತಿಯ ಪತಂಗಗಳನ್ನು ರಾಶಿರಾಶಿಯಾಗಿ ಮೆಲ್ಲುತ್ತವೆ. ಶರತ್ಕಾಲದಲ್ಲಿ ಬಿಳಿತೊಗಟೆಯ ಪೈನ್ ಮರದ ಬೀಜಗಳು. ಹೀಗಿರುವಲ್ಲಿ, ಜುಲೈ ತಿಂಗಳ ನಡುಹಗಲಿನಲ್ಲಿ ಮೋಟಾರಿನ ಕಿಟಕಿಯಿಂದ ಕರಡಿಯನ್ನು ಕಾಣಬೇಕೆಂಬ ಪ್ರವಾಸಿಯ ಆಸೆಗೂ ಕರಡಿಯ ಸ್ವಾಭಾವಿಕವಾದ ದಿನಚರಿಗೂ ಹೊಂದಿಕೆ ಕಡಿಮೆ. ಈ ಎರಡನ್ನೂ ಹೊಂದಿಸಿದ್ದು ಎಂಜಲು. ಹೋಟೆಲಿನ ಅತಿಥಿಗಳು ಹೆಚ್ಚಾದಷ್ಟೂ ಕಸ ಹೆಚ್ಚು. ಕಸ ಹೆಚ್ಚಾದಷ್ಟೂ ಕರಡಿ ಹೆಚ್ಚು. ಅದೂ ರಾತ್ರಿಯ ಊಟದ ಗಂಟೆಗೆ ಸರಿಯಾಗಿ. ಕರಡಿಯ ವರ್ಷವನ್ನು ಶಾಲೆಯ ರಜೆಗೆ, ಕರಡಿಯ ದಿನವನ್ನು ಹೋಟೆಲಿನ ಗಡಿಯಾರಕ್ಕೆ ಒಪ್ಪಿಸಿದ ಯಂತ್ರವೆಂದರೆ ಆ ಕಸದ ಗುಂಡಿ. ಪ್ರವಾಸಿಯ ಆಸೆಯು ಪ್ರತಿ ಬೇಸಿಗೆಯಲ್ಲಿಯೂ ತಪ್ಪದೆ ಕೈಗೂಡುತ್ತಿದ್ದುದರಿಂದಲೇ ಅದು ಆಸೆಯಾಗಿ ಉಳಿಯದೆ ಹಕ್ಕಾಯಿತು. ಮುಂದಿನ ಎಲ್ಲ ತೊಡಕುಗಳ ಬೇರು ಇಲ್ಲಿದೆ.

ಈ ವ್ಯವಸ್ಥೆಯನ್ನು ಒಳಗಿನವರೇ ಆಕ್ಷೇಪಿಸದೆ ಇರಲಿಲ್ಲ. ಜಾರ್ಜ್ ರೈಟ್, ಜೋಸೆಫ್ ಡಿಕ್ಸನ್, ಬೆನ್ ಥಾಂಪ್ಸನ್ ಎಂಬ ಮೂವರು ವಿಜ್ಞಾನಿಗಳು 1930ರ ದಶಕದ ಆರಂಭದಲ್ಲಿ ಸಿದ್ಧಪಡಿಸಿದ ಉದ್ಯಾನಪ್ರಾಣಿಗಳ ಸಮೀಕ್ಷೆಯು ಕೃತಕ ಆಹಾರದ ಪ್ರದರ್ಶನಗಳನ್ನು ಒಪ್ಪಲಿಲ್ಲ. ರೈಟ್ ಅವರು 1936ರಲ್ಲಿ ಅಪಘಾತದಲ್ಲಿ ಅಕಾಲಮರಣಕ್ಕೀಡಾದರು. ಅವರೊಡನೆ ಇಲಾಖೆಯೊಳಗಿನ ವಿಜ್ಞಾನದ ದನಿಯೂ ಬಹುಕಾಲ ಕುಗ್ಗಿತು. ಆಟರ್ ಕ್ರೀಕಿನ ಪ್ರದರ್ಶನವು ಮಹಾಯುದ್ಧದ ಕಾಲದಲ್ಲಿ ನಿಂತುಹೋಯಿತಾದರೂ ಕಸದ ಗುಂಡಿಗಳೂ ರಸ್ತೆಬದಿಯ ಭಿಕ್ಷೆಯೂ ಉಳಿದವು. ಸಂದರ್ಶಕರ ಸಂಖ್ಯೆಯು 1948ರಲ್ಲಿ ಮೊದಲ ಸಲ ಹತ್ತು ಲಕ್ಷವನ್ನು ದಾಟಿತು. 1958ರಲ್ಲಿ ದೂರದರ್ಶನದ ಚಿತ್ರಮಾಲೆಯೊಂದರಲ್ಲಿ ಯೋಗಿ ಎಂಬ ಕರಡಿಯು ಹುಟ್ಟಿ, ಪ್ರವಾಸಿಗಳ ಬುತ್ತಿಯನ್ನು ಕದ್ದು ತಿನ್ನುವುದನ್ನೇ ಕುಲಕಸುಬಾಗಿ ಮಾಡಿಕೊಂಡಿತು. (ಉಪವಾಸವ್ರತವನ್ನರಿಯದ ಈ ಯೋಗಿಯ ಹೆಸರು ನಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸುವುದು ಸಹಜ.) ಉದ್ಯಾನದಲ್ಲಿ ಕರಡಿಗಳಿಂದ ಗಾಯಗೊಂಡವರ ದಾಖಲೆಯನ್ನು 1931ರಿಂದ ಇಡಲಾಗಿದೆ, ಆ ವರ್ಷದಿಂದ 1969ರವರೆಗೆ ಪ್ರತಿವರ್ಷ ಸರಾಸರಿ 48 ಮಂದಿ ಗಾಯಗೊಂಡರೆಂದೂ, ಆಸ್ತಿನಷ್ಟದ ಪ್ರಸಂಗಗಳು ವರ್ಷಕ್ಕೆ ನೂರಕ್ಕೂ ಮೀರಿದ್ದವೆಂದೂ ಆ ದಾಖಲೆಯಿಂದ ತಿಳಿಯುತ್ತದೆ.

ಈ ದಾಖಲೆಯ ಸ್ವರೂಪವೇ ಇತಿಹಾಸಕಾರರನ್ನು ದಾರಿತಪ್ಪಿಸಿದೆಯೆಂದು ನನಗೆ ತೋರುತ್ತದೆ. ಕಚೇರಿಯು ಗಾಯಗಳನ್ನು ಎಣಿಸಿತು. ಕರಡಿಯನ್ನು ಕಂಡು ಗಾಯವಿಲ್ಲದೆ ಮನೆಗೆ ಮರಳಿದ ಲಕ್ಷಾಂತರ ಜನರ ಸಂತೋಷಕ್ಕೆ ಯಾವ ನಮೂನೆಯ ಕಾಗದವೂ ಇರಲಿಲ್ಲ. ಆದಕಾರಣ ದಫ್ತರಗಳನ್ನು ಆಧರಿಸಿ ಬರೆದ ಗ್ರಂಥಗಳಲ್ಲಿ ಪ್ರವಾಸಿಯು ಎರಡೇ ವೇಷಗಳಲ್ಲಿ ಬರುತ್ತಾನೆ: ಕಡಿಸಿಕೊಂಡವನಾಗಿ, ಇಲ್ಲವೆ ನಿಯಮ ಮುರಿದವನಾಗಿ. ಪಾಲ್ ಶುಲರಿ ಅವರ ‘ಯೆಲ್ಲೊಸ್ಟೋನಿನ ಕರಡಿಗಳು’ (1980) ಎಂಬ ಗ್ರಂಥವು ಸಮತೂಕದ್ದು, ಮಾಹಿತಿಯಿಂದ ತುಂಬಿದ್ದು; ಆದರೆ ಗ್ರಂಥಕರ್ತರು ಆ ಉದ್ಯಾನದಲ್ಲಿಯೇ ಸೇವೆ ಸಲ್ಲಿಸಿದವರಾದ್ದರಿಂದ ಕಚೇರಿಯ ಕಿಟಕಿಯಿಂದಲೇ ನೋಡುತ್ತಾರೆ.

ಫ್ರಾಂಕ್ ಕ್ರೇಗ್‌ಹೆಡ್ ಅವರ ‘ಗ್ರಿಜ್ಲಿಯ ಜಾಡು’ (1979) ಇನ್ನೊಂದು ಬಗೆಯದು. ಅವರೂ ಅವರ ಸೋದರ ಜಾನ್ ಅವರೂ 1959ರಿಂದ ಹನ್ನೆರಡು ವರ್ಷಗಳವರೆಗೆ ಯೆಲ್ಲೊಸ್ಟೋನಿನ ಗ್ರಿಜ್ಲಿಗಳನ್ನು ಅಭ್ಯಾಸ ಮಾಡಿದರು. 1961ರಲ್ಲಿ ಮೇರಿಯನ್ ಎಂದು ಅವರು ಹೆಸರಿಟ್ಟ ಹೆಣ್ಣು ಗ್ರಿಜ್ಲಿಯ ಕೊರಳಿಗೆ ರೇಡಿಯೊ ಪ್ರೇಷಕವನ್ನು ಕಟ್ಟಿ ಅದರ ಸಂಚಾರವನ್ನು ಹಿಂಬಾಲಿಸಿದರು. ಒಂದೊಂದು ಕರಡಿಯ ಸ್ವಭಾವವನ್ನೂ ಬೇರೆಬೇರೆಯಾಗಿ ಗುರುತಿಸುವ ಅವರ ಬರವಣಿಗೆಯಲ್ಲಿ ವಿಜ್ಞಾನವೂ ವಾತ್ಸಲ್ಯವೂ ಕೂಡಿವೆ. ಕಸದ ಗುಂಡಿಗಳನ್ನು ಥಟ್ಟನೆ ಮುಚ್ಚಬಾರದು, ಅನೇಕ ವರ್ಷಗಳಲ್ಲಿ ಮೆಲ್ಲಮೆಲ್ಲನೆ ಕರಡಿಗಳನ್ನು ಬಿಡಿಸಬೇಕು ಎಂಬುದು ಅವರ ವಾದ. ಉದ್ಯಾನದ ಅಧಿಕಾರಿಗಳು ಇದನ್ನು ಒಪ್ಪಲಿಲ್ಲ. 1963ರಲ್ಲಿ ಸ್ಟಾರ್ಕರ್ ಲಿಯೋಪೋಲ್ಡ್ ಅವರ ನೇತೃತ್ವದ ಸಮಿತಿಯು, ಬಿಳಿಯರು ಬರುವುದಕ್ಕೆ ಮುಂಚಿನ ಸ್ಥಿತಿಗೆ ಉದ್ಯಾನಗಳನ್ನು ಸಾಧ್ಯವಾದಷ್ಟು ಹತ್ತಿರವಾಗಿಸಬೇಕೆಂದು ಸಲಹೆ ಕೊಟ್ಟಿತ್ತು. 1967ರ ಆಗಸ್ಟ್ ತಿಂಗಳ ಒಂದೇ ರಾತ್ರಿಯಲ್ಲಿ ಗ್ಲೇಸಿಯರ್ ಉದ್ಯಾನದ ಎರಡು ಬೇರೆ ಸ್ಥಳಗಳಲ್ಲಿ ಇಬ್ಬರು ತರುಣಿಯರು ಗ್ರಿಜ್ಲಿಗಳಿಗೆ ಬಲಿಯಾದ ಮೇಲೆ ಆತುರವು ಹೆಚ್ಚಿತು. 1970ರಲ್ಲಿ ಯೆಲ್ಲೊಸ್ಟೋನಿನ ಕೊನೆಯ ದೊಡ್ಡ ಗುಂಡಿಯಾದ ಟ್ರೌಟ್ ಕ್ರೀಕನ್ನು ಮುಚ್ಚಲಾಯಿತು. ಎಂಜಲಿಗೆ ಒಗ್ಗಿದ ಕರಡಿಗಳು ಶಿಬಿರಗಳಿಗೆ ನುಗ್ಗಿದವು, ನುಗ್ಗಿದವುಗಳನ್ನು ಕೊಂದರು. 1975ರಲ್ಲಿ ಗ್ರಿಜ್ಲಿಯನ್ನು ವಿನಾಶದ ಅಪಾಯಕ್ಕೆ ಸಿಕ್ಕಿದ ಪ್ರಾಣಿಗಳ ಪಟ್ಟಿಗೆ ಸೇರಿಸಬೇಕಾಯಿತು. ಕ್ರೇಗ್‌ಹೆಡ್ ಅವರ ಗ್ರಂಥವು ಈ ದುರಂತದ ಸಾಕ್ಷ್ಯವಾಗಿ ಅಮೂಲ್ಯವಾದದ್ದು. ಆದರೆ ಅದರಲ್ಲಿ ಪ್ರವಾಸಿಯು ಎಂಜಲಿನ ಉತ್ಪಾದಕನಾಗಿ ಮಾತ್ರ ಕಾಣಿಸುತ್ತಾನೆ. ಕರಡಿ ಏನನ್ನು ತಿಂದಿತೆಂಬುದನ್ನು ಅಷ್ಟು ಸೂಕ್ಷ್ಮವಾಗಿ ವಿವರಿಸಿದವರು, ಬೇಲಿಯ ಈಚೆ ನಿಂತ ಮನುಷ್ಯನು ಏನನ್ನು ಬಯಸಿ ಬಂದನೆಂದು ಕೇಳಲಿಲ್ಲ.

ಆ ಪ್ರಶ್ನೆಯನ್ನು ಕೇಳಿದ್ದು ವಿಚಿತ್ರವಾಗಿ ಒಂದು ನ್ಯಾಯಾಲಯ. 1972ರ ಜೂನ್ ತಿಂಗಳಲ್ಲಿ, ಅಲಬಾಮದಿಂದ ಬಂದಿದ್ದ ಇಪ್ಪತ್ತೈದು ವಯಸ್ಸಿನ ಯುವಕನೊಬ್ಬನನ್ನು ಓಲ್ಡ್ ಫೇತ್‌ಫುಲ್ ಸಮೀಪದಲ್ಲಿ ಒಂದು ಗ್ರಿಜ್ಲಿಯು ರಾತ್ರಿಯ ವೇಳೆ ಕೊಂದಿತು. ಅವನೂ ಅವನ ಸ್ನೇಹಿತನೂ ಅನುಮತಿಯಿಲ್ಲದ ಸ್ಥಳದಲ್ಲಿ ಬೀಡುಬಿಟ್ಟಿದ್ದರು. ಸರ್ಕಾರವು ಅಪಾಯವನ್ನು ತಿಳಿದೂ ಎಚ್ಚರಿಸಲಿಲ್ಲವೆಂದು ಅವನ ಕುಟುಂಬದ ಪರವಾಗಿ ದಾವೆ ನಡೆಯಿತು. 1975ರಲ್ಲಿ ಲಾಸ್ ಏಂಜಲೀಸ್‌ನ ನ್ಯಾಯಾಲಯವು ಸುಮಾರು 87,000 ಡಾಲರುಗಳ ಪರಿಹಾರವನ್ನು ವಿಧಿಸಿತು. 1976ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಆ ತೀರ್ಪನ್ನು ರದ್ದುಪಡಿಸಿ, ಕಸದ ಗುಂಡಿಗಳನ್ನು ಬೇಗ ಮುಚ್ಚಬೇಕೆ ನಿಧಾನವಾಗಿ ಮುಚ್ಚಬೇಕೆ ಎಂಬುದು ಅಧಿಕಾರಿಗಳ ವಿವೇಚನೆಗೆ ಸೇರಿದ ನೀತಿಯೆಂದು ಹೇಳಿತು. ಜಾರ್ಡನ್ ಫಿಷರ್ ಸ್ಮಿತ್ ಅವರ 2016ರ ಗ್ರಂಥವು ಈ ವ್ಯಾಜ್ಯವನ್ನು ಚೌಕಟ್ಟಾಗಿ ಇಟ್ಟುಕೊಂಡು ಉದ್ಯಾನಗಳ ಇಡೀ ವಿಜ್ಞಾನಚರಿತ್ರೆಯನ್ನು ಅದರೊಳಗೆ ಕೂರಿಸುತ್ತದೆ. ಕ್ರೇಗ್‌ಹೆಡ್ ಮತ್ತು ಲಿಯೋಪೋಲ್ಡ್ ಎಂಬ ಇಬ್ಬರು ಹಿರಿಯ ವಿಜ್ಞಾನಿಗಳು ಒಂದೇ ಕಟಕಟೆಯಲ್ಲಿ ಎದುರುಬದುರು ಪಕ್ಷಗಳಿಗೆ ಸಾಕ್ಷ್ಯ ನುಡಿದ ಭಾಗವು ಈ ಗ್ರಂಥದ ಅತ್ಯುತ್ತಮ ಭಾಗ. ಸ್ಮಿತ್ ಅವರು ಸತ್ತ ಯುವಕನನ್ನು ಒಂದು ಅಂಕಿಯಾಗಿ ಕಾಣದೆ ಮನುಷ್ಯನಾಗಿ ಕಂಡಿದ್ದಾರೆ. ಹಸುಗಳ ಕೊಟ್ಟಿಗೆಯ ದುಡಿಮೆಯನ್ನು ಬಿಟ್ಟು ದೇಶ ನೋಡಲು ಹೊರಟ ಅವನ ಪಯಣವನ್ನು ಅನುಕಂಪದಿಂದ ವಿವರಿಸಿದ್ದಾರೆ. ಇಷ್ಟಾದರೂ ಒಂದು ಕೊರತೆಯುಂಟು. ಎಚ್ಚರಿಕೆ ಕೊಟ್ಟರೆ, ಇಲ್ಲವೆ ಎಂಬ ಕಾನೂನಿನ ಪ್ರಶ್ನೆಯೇ ಗ್ರಂಥದ ಪ್ರಶ್ನೆಯೂ ಆಗಿಬಿಡುತ್ತದೆ. ಒಂದು ಕೈಯಿಂದ ಎಚ್ಚರಿಕೆಯ ಕಾಗದವನ್ನು ಹಂಚಿ, ಇನ್ನೊಂದು ಕೈಯಿಂದ ಐವತ್ತು ವರ್ಷ ಕರಡಿಯನ್ನು ಸ್ನೇಹಿತನೆಂದು ತೋರಿಸಿದ ಇಲಾಖೆಯ ಯಾವ ಕೈಯನ್ನು ಜನರು ನಂಬಬೇಕಾಗಿತ್ತು? ನ್ಯಾಯಾಲಯವು ಇದನ್ನು ವಿಚಾರಿಸಲಾರದು, ಇತಿಹಾಸಕಾರನು ವಿಚಾರಿಸಬಲ್ಲನು.

ಆಲ್ಸ್ಟನ್ ಚೇಸ್ ಅವರ ‘ಯೆಲ್ಲೊಸ್ಟೋನಿನಲ್ಲಿ ದೇವರಾಟ’ (1986) ಎಂಬ ಗ್ರಂಥವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಚೇಸ್ ಅವರು ಪ್ರಕೃತಿಯನ್ನು ಅದರ ಪಾಡಿಗೆ ಬಿಡಬೇಕೆಂಬ ನೀತಿಯೇ ಅನಾಹುತಕ್ಕೆ ಕಾರಣವೆಂದು ವಾದಿಸುತ್ತಾರೆ. ಆಧಾರಗಳ ರಾಶಿಯು ದೊಡ್ಡದು. ಆದರೆ ಬರೆದ ಕೈ ವಕೀಲನದು. ಗ್ರಿಜ್ಲಿಯ ಭವಿಷ್ಯದ ಬಗ್ಗೆ ಅವರಿಗಿದ್ದ ನಿರಾಶೆಯನ್ನು ಕಾಲವು ಸಮರ್ಥಿಸಲಿಲ್ಲ: 1975ರಲ್ಲಿ 136 ಎಂದು ಅಂದಾಜಾಗಿದ್ದ ಆ ಪ್ರದೇಶದ ಗ್ರಿಜ್ಲಿಗಳ ಸಂಖ್ಯೆಯು 2020ರ ದಶಕದ ಹೊತ್ತಿಗೆ ಸುಮಾರು ಸಾವಿರವನ್ನು ಮುಟ್ಟಿತು.

ನಮ್ಮ ಪ್ರಶ್ನೆಗೆ ತೀರ ಸಮೀಪವಾಗಿ ಬಂದಿರುವ ಗ್ರಂಥವೆಂದರೆ ಆಲಿಸ್ ವಾಂಡ್ರಕ್ ಬೀಲ್ ಅವರದು. 2006ರಲ್ಲಿ ಕ್ಯಾನ್ಸಸ್ ವಿಶ್ವವಿದ್ಯಾನಿಲಯ ಮುದ್ರಣಾಲಯದಿಂದ ಪ್ರಕಟವಾದ ಅದರ ಹೆಸರೇ ಒಂದು ಪ್ರಬಂಧ. ಕರಡಿಗಳಿಗೆ ಆಹಾರ ಹಾಕಬೇಡಿ ಎಂಬ ಪ್ರಸಿದ್ಧ ಫಲಕದ ವಾಕ್ಯವನ್ನೇ ಹೆಸರಾಗಿಟ್ಟು, ಬೇಡವೆಂಬ ನಿಷೇಧಪದವನ್ನು ಮಾತ್ರ ಆವರಣಚಿಹ್ನೆಯೊಳಗೆ ಸೇರಿಸಿದ್ದಾರೆ. ಒಂದು ಕಾಲಕ್ಕೆ ಆ ಪದವಿತ್ತು, ಇನ್ನೊಂದು ಕಾಲಕ್ಕೆ ಇರಲಿಲ್ಲ, ಬಹುಕಾಲ ಇದ್ದೂ ಇಲ್ಲದಂತಿತ್ತು ಎಂಬ ಅರ್ಥವು ಆ ಎರಡು ಗೆರೆಗಳಲ್ಲಿ ಅಡಗಿದೆ. ಬೀಲ್ ಅವರ ಮುಖ್ಯ ಪ್ರತಿಪಾದನೆಯನ್ನು ಹೀಗೆ ಸಂಗ್ರಹಿಸಬಹುದು: ಪ್ರವಾಸಿಗಳಿಗೆ ಪ್ರಿಯವಾದ ಭಿಕ್ಷುಕ ಕರಡಿಯನ್ನು ಉದ್ಯಾನವೇ ರೂಪಿಸಿತು, ಆಮೇಲೆ ಅದೇ ಉದ್ಯಾನವು ಆ ಕರಡಿಯು ನಿಜವಾದ ಕರಡಿಯಲ್ಲವೆಂದು ಜನರಿಗೆ ತಿಳಿಯಹೇಳಬೇಕಾಯಿತು, ಜನರು ಅದನ್ನು ಸುಲಭವಾಗಿ ಒಪ್ಪಲಿಲ್ಲ. ಫಲಕಗಳು, ಕರಪತ್ರಗಳು, ಅಂಚೆಕಾರ್ಡುಗಳು ಇವನ್ನೆಲ್ಲ ಆಧಾರವಾಗಿ ಬಳಸಿದ್ದರಿಂದ ಬೀಲ್ ಅವರಿಗೆ ದಫ್ತರದ ಹೊರಗಿನ ಜಗತ್ತು ಸ್ವಲ್ಪಮಟ್ಟಿಗೆ ತೆರೆದಿದೆ. ಭಿಕ್ಷುಕ ಕರಡಿಗಳು ರಸ್ತೆಗಳಿಂದ ಮಾಯವಾದ ಮೇಲೆ, ಹಿಂದೆ ತಂದೆಯ ಮೋಟಾರಿನಲ್ಲಿ ಕುಳಿತು ಅವುಗಳನ್ನು ಕಂಡವರು ಈಗ ತಮ್ಮ ಮಕ್ಕಳನ್ನು ಕರೆತಂದು, ಕರಡಿಗಳೆಲ್ಲಿ ಎಂದು ಕೇಳುವ ಸನ್ನಿವೇಶದ ಅರ್ಥವನ್ನು ಬಿಡಿಸುವುದರಲ್ಲಿ ಅವರ ಶಕ್ತಿ ಕಾಣುತ್ತದೆ. ಅದು ಬರಿಯ ವ್ಯಾಮೋಹವಲ್ಲ. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಂಡವರನ್ನು ಕುರಿತ ನ್ಯಾಯವಾದ ಪ್ರಶ್ನೆ.

ಆದರೆ ಬೀಲ್ ಅವರು ಒಂದು ಹೆಜ್ಜೆ ಮೊದಲೇ ನಿಲ್ಲುತ್ತಾರೆಂದು ಹೇಳಬೇಕಾಗಿದೆ. ನಿಜವಾದ ಕರಡಿ ಎಂಬ ಕಲ್ಪನೆಯು ಬದಲಾದದ್ದನ್ನು ಅವರು ಚೆನ್ನಾಗಿ ತೋರಿಸುತ್ತಾರೆ. ಕಾಣಬೇಕೆಂಬ ಆಸೆಯು ಬದಲಾಗಲೇ ಇಲ್ಲವೆಂಬುದರ ಕಡೆಗೆ ಅಷ್ಟು ಗಮನ ಕೊಡುವುದಿಲ್ಲ. 1990ರ ದಶಕದಿಂದೀಚೆಗೆ, ಮನುಷ್ಯರ ಆಹಾರವನ್ನು ಅರಿಯದ, ಆದರೆ ಮನುಷ್ಯರ ಇರವಿಗೆ ಒಗ್ಗಿದ ಕರಡಿಗಳು ರಸ್ತೆಯ ಅಂಚಿನ ಹುಲ್ಲುಗಾವಲುಗಳಿಗೆ ಮತ್ತೆ ಬರತೊಡಗಿದವು. ಅಧಿಕಾರಿಗಳು ಅವುಗಳನ್ನು ಓಡಿಸುವುದನ್ನು ಬಿಟ್ಟು, ನೋಡಲು ನಿಂತ ಮೋಟಾರುಗಳ ಸಂದಣಿಯನ್ನು ನಿಯಂತ್ರಿಸತೊಡಗಿದರು. ಕರಡಿಯಿಂದ ನೂರು ಗಜ ದೂರವಿರಬೇಕೆಂಬ ನಿಯಮವನ್ನು ಮಾಡಿದರು. 2021ರಲ್ಲಿ ಸಂದರ್ಶಕರ ಸಂಖ್ಯೆಯು 48 ಲಕ್ಷವನ್ನು ಮೀರಿತು. ಗಾಯಗೊಳ್ಳುವವರ ಸಂಖ್ಯೆಯಾದರೋ ವರ್ಷಕ್ಕೆ ಸುಮಾರು ಒಂದಕ್ಕೆ ಇಳಿದಿದೆ. ಇದು ಸಣ್ಣ ಸಾಧನೆಯಲ್ಲ. 2014ರಲ್ಲಿ ಪ್ರಕಟವಾದ ಒಂದು ಅರ್ಥಶಾಸ್ತ್ರೀಯ ಅಧ್ಯಯನದಲ್ಲಿ, ರಸ್ತೆಬದಿಯ ಕರಡಿಗಳು ಉಳಿಯುವುದಾದರೆ ಪ್ರವೇಶಶುಲ್ಕದ ಮೇಲೆ ಸುಮಾರು 41 ಡಾಲರು ಹೆಚ್ಚಾಗಿ ಕೊಡಲು ಸಂದರ್ಶಕರು ಸಿದ್ಧರೆಂದು ಲೆಕ್ಕ ಹಾಕಿದ್ದಾರೆ. ಆಸೆಗೆ ಕೊನೆಗೂ ಒಂದು ನಮೂನೆಯ ಕಾಗದ ದೊರೆಯಿತು, ಹಣದ ರೂಪದಲ್ಲಿ. ಕರಡಿಗಳ ಪಾಲಿಗೆ ಈ ಹೊಸ ಒಪ್ಪಂದವೂ ಅಪಾಯವಿಲ್ಲದ್ದಲ್ಲ. ನೆರೆಯ ಗ್ರ್ಯಾಂಡ್ ಟೀಟನ್ ಉದ್ಯಾನದಲ್ಲಿ 399 ಎಂಬ ಸಂಖ್ಯೆಯಿಂದಲೇ ಪ್ರಸಿದ್ಧವಾಗಿ, ಮರಿಗಳೊಡನೆ ರಸ್ತೆಯ ಬಳಿ ತಿರುಗುತ್ತ ಸಾವಿರಾರು ಜನರ ಆಸೆಯನ್ನು ತಣಿಸಿದ ಹೆಣ್ಣು ಗ್ರಿಜ್ಲಿಯು 2024ರ ಅಕ್ಟೋಬರ್ ತಿಂಗಳಲ್ಲಿ ಉದ್ಯಾನದ ಹೊರಗಿನ ಹೆದ್ದಾರಿಯಲ್ಲಿ ಮೋಟಾರಿಗೆ ಸಿಕ್ಕಿ ಸತ್ತಿತು.

ಇದುವರೆಗೆ ಹೇಳಿದ ಗ್ರಂಥಗಳೆಲ್ಲವೂ ಪ್ರವಾಸಿ, ಕರಡಿ, ಅಧಿಕಾರಿ ಎಂಬ ಮೂವರ ನಾಟಕವನ್ನು ಹೇಳುತ್ತವೆ. ನಾಲ್ಕನೆಯವರು ರಂಗದ ಹೊರಗಿದ್ದಾರೆ. ಮಾರ್ಕ್ ಸ್ಪೆನ್ಸ್ ಅವರು 1999ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ, ನಿರ್ಜನವಾದ ಕಾಡೆಂಬ ಚಿತ್ರವನ್ನು ನಿಜಮಾಡುವುದಕ್ಕಾಗಿ ಶೋಶೋನಿ, ಬ್ಯಾನಕ್, ಕ್ರೋ ಮೊದಲಾದ ಮೂಲನಿವಾಸಿಗಳನ್ನು ಯೆಲ್ಲೊಸ್ಟೋನಿನಿಂದ ದೂರವಿಡಲಾಯಿತು. ಸ್ಪೆನ್ಸ್ ಅವರ ವಿಷಯವು ಕರಡಿಯಲ್ಲ. ಆದರೂ ಕರಡಿಯನ್ನು ಕುರಿತ ಗ್ರಂಥಗಳ ಪಕ್ಕದಲ್ಲಿ ಇದನ್ನು ಇಟ್ಟು ಓದದಿದ್ದರೆ, ಮನುಷ್ಯರಿಲ್ಲದ ಕಾಡಿನಲ್ಲಿ ಕರಡಿಯನ್ನು ಕಾಣಬೇಕೆಂಬ ಬಯಕೆಯ ಅರ್ಧ ಚರಿತ್ರೆಯು ಕೈಬಿಡುತ್ತದೆ. 2017ರಲ್ಲಿ ಸರ್ಕಾರವು ಯೆಲ್ಲೊಸ್ಟೋನ್ ಪ್ರದೇಶದ ಗ್ರಿಜ್ಲಿಯನ್ನು ರಕ್ಷಿತಪಟ್ಟಿಯಿಂದ ತೆಗೆದುಹಾಕಿದಾಗ ಅದನ್ನು ಪ್ರಶ್ನಿಸಿದ ವ್ಯಾಜ್ಯದ ಮೊದಲ ವಾದಿ ಕ್ರೋ ಜನಾಂಗ. 2018ರ ಸೆಪ್ಟೆಂಬರಿನಲ್ಲಿ ನ್ಯಾಯಾಲಯವು ರಕ್ಷಣೆಯನ್ನು ಮತ್ತೆ ವಿಧಿಸಿತು. ಹೊರಗಿಟ್ಟವರು ಕರಡಿಯ ಪರವಾಗಿ ಒಳಗೆ ಬಂದ ಈ ಘಟನೆಯು ಬೀಲ್ ಅವರ ಗ್ರಂಥಕ್ಕಿಂತ ಈಚಿನದಾದ್ದರಿಂದ ಅದನ್ನು ಬಿಟ್ಟದ್ದಕ್ಕೆ ಅವರನ್ನು ದೂರಲಾಗದು. ಆದರೆ ಮುಂದೆ ಬರೆಯುವವರು ಬಿಡುವಂತಿಲ್ಲ.

ದೂರದ ದೇಶದ ಈ ಚರ್ಚೆಯಿಂದ ನಮಗೇನೆಂದು ಕೇಳುವವರಿಗೆ ಹಂಪೆಯ ಸಮೀಪದ ದರೋಜಿಯನ್ನು ನೆನಪಿಗೆ ತರಬಹುದು. 1994ರಲ್ಲಿ ಕರಡಿಗಳಿಗಾಗಿಯೇ ಸ್ಥಾಪಿತವಾದ ಆ ಧಾಮದಲ್ಲಿ, ಮಧ್ಯಾಹ್ನದ ಹೊತ್ತು ಬಂಡೆಗಳ ಮೇಲೆ ಬೆಲ್ಲದ ಪಾಕವನ್ನು ಬಳಿದು, ಅದನ್ನು ನೆಕ್ಕಲು ಇಳಿದುಬರುವ ಕರಡಿಗಳನ್ನು ಪ್ರವಾಸಿಗಳು ಎದುರಿನ ವೀಕ್ಷಣಾಗೋಪುರದಿಂದ ನೋಡುವ ಏರ್ಪಾಡು ಅನೇಕ ವರ್ಷ ನಡೆದುಬಂದಿತು. ಆಟರ್ ಕ್ರೀಕಿಗೂ ದರೋಜಿಗೂ ವ್ಯತ್ಯಾಸಗಳು ಬಹಳ. ದರೋಜಿಯಲ್ಲಿ ನೋಡುವವನು ದೂರದಲ್ಲಿದ್ದಾನೆ, ತಿನ್ನಿಸುವವನು ಅವನಲ್ಲ, ಕಸವೂ ಇಲ್ಲ. ಹೋಲಿಕೆಯನ್ನು ಎಳೆದಾಡುವುದು ಸಲ್ಲದು. ಆದರೂ ಕರಡಿಯ ಗಡಿಯಾರವನ್ನು ಪ್ರವಾಸಿಯ ಗಡಿಯಾರಕ್ಕೆ ಹೊಂದಿಸುವ ಕೆಲಸವು ಅಲ್ಲಿಯೂ ನಡೆದಿದೆ. ಗೋಪುರಕ್ಕೆ ಬಂದವರು ಏನನ್ನು ಬಯಸಿ ಬಂದರು, ಕಂಡದ್ದನ್ನು ಕಾಡೆಂದು ತಿಳಿದರೆ, ಏರ್ಪಾಡೆಂದು ತಿಳಿದರೆ, ಸುತ್ತಲಿನ ಹಳ್ಳಿಗಳ ಕುರಿಗಾಹಿಗಳು ಅದೇ ಕರಡಿಯನ್ನು ಯಾವ ಕಣ್ಣಿನಿಂದ ಕಂಡರು ಎಂಬುದನ್ನು ಅವರು ಬದುಕಿರುವಾಗಲೇ ಕೇಳಿ ಬರೆದಿಡುವುದು ನಮ್ಮ ವಿದ್ಯಾರ್ಥಿಗಳ ಶಕ್ತಿಗೆ ಮೀರಿದ್ದಲ್ಲ. ಅಂಥ ಕೆಲಸಕ್ಕೆ ಹೊರಡುವವರು ಮೇಲಿನ ಗ್ರಂಥಗಳಲ್ಲಿ ಒಂದನ್ನೇ ಓದುವುದಾದರೆ ಬೀಲ್ ಅವರದನ್ನು ಓದಬೇಕು. ಎರಡನ್ನು ಓದಲು ವ್ಯವಧಾನವಿದ್ದರೆ, ವಿಜ್ಞಾನಿಗಳ ಗ್ರಂಥಗಳಿಗಿಂತ ಮೊದಲು ‘ಓ, ರೇಂಜರ್!’ ಅನ್ನು ಕೈಗೆತ್ತಿಕೊಳ್ಳುವುದು ಮೇಲು. ಆ ಹಾಸ್ಯವನ್ನು ಓದಿ ನಕ್ಕವರಿಗೆ ಮಾತ್ರ, ಆ ಕಾಲದ ಪ್ರವಾಸಿಯು ಕರಡಿಯ ಎದುರು ಮೋಟಾರಿನ ಕಿಟಕಿಯನ್ನು ಏಕೆ ಇಳಿಸಿದನೆಂಬುದು ತಿಳಿದೀತು.